ಹಿಡಕಲ್ದಾಕಿಯ ಚೀಲ

ಎರಡನೆಯ ಭಾಗ ಎಂದರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಉಂಡು ಕೈ ತೊಳೆದವರನ್ನು ಮತ್ತೆ ಎಳೆದು ತಂದು ಎಲೆ ಮುಂದೆ ಕೂರಿಸಿದ ಹಾಗೆ. ಹಸಿವು ಯಾರಿಗೂ ಇಲ್ಲ, ಉಮೇದು ಬಡಿಸುವವನಿಗೆ ಮಾತ್ರ. ಆದರೆ ‘ಐದು ಬಾಗಿಲಿನ ಮನೆ’ಯ ಎರಡನೆಯ ಭಾಗ ಬಂದಾಗ ನಾನು ಈ ಮಾತನ್ನು ನುಂಗಿಕೊಂಡೆ. ವಾರಕ್ಕೊಮ್ಮೆ ಅದನ್ನು ಹೊಗಳಿ ಬರೆದೆ. ಆ ಹೊಗಳಿಕೆ ಮೂಡಲಗಿಯ ಒಂದು ಮನೆಯೊಳಗೆ ಹೊಕ್ಕು ಒಬ್ಬ ಹೆಂಗಸಿನ ಕುತ್ತಿಗೆಗೆ ಬಂತು. ಅದನ್ನು ಈಗ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ನಾನು ಸಾಹಿರಾ, ವಯಸ್ಸು ಇಪ್ಪತ್ತಾರು, ಸಾಕಿನ್ ಗೋಕಾಕ. ಹೀಗೆ ಹೇಳುವುದು ಅಭ್ಯಾಸವಾಗಿ ಹೋಗಿದೆ. ಕೋರ್ಟಿನ ಎದುರು ಶಿದ್ಲಿಂಗಪ್ಪನವರ ಅಂಗಡಿಯಲ್ಲಿ ಕೂತು ಖರೀದಿಪತ್ರ, ಆಸ್ತಿ ಪಾಲು ಮಾಡುವ ವಾಟ್ನಿಪತ್ರ, ಅಫಿಡವಿಟ್ಟು ಟೈಪ್ ಮಾಡುವವಳು ನಾನು. ದಿನಕ್ಕೆ ನಲವತ್ತು ಸಲ ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಉದ್ಯೋಗ, ಸಾಕಿನ್ ಅಂದರೆ ವಾಸದ ಊರು. ಒಬ್ಬ ಮನುಷ್ಯನನ್ನು ಇನ್ನೊಬ್ಬನಿಂದ ಬೇರೆ ಮಾಡುವುದು ಇವೇ ಎಂದು ಶಿದ್ಲಿಂಗಪ್ಪನವರು ಬಾಯಿಪಾಠ ಮಾಡಿಸಿದ್ದಾರೆ. ಅದನ್ನು ಅಂಗಡಿಯಲ್ಲಿ ಪಾಲಿಸಿದೆ, ನನ್ನ ಸ್ವಂತ ಬರವಣಿಗೆಯಲ್ಲಿ ಮರೆತೆ.

‘ಐದು ಬಾಗಿಲಿನ ಮನೆ’ ಜಪಾನಿನ ಚಿತ್ರಕಥೆ. ಅಲ್ಲಿಯವರು ಮಾಂಗಾ ಅನ್ನುತ್ತಾರೆ. ಅದರಲ್ಲೂ ಇದು ಹರೆಮ್ ಎಂಬ ಜಾತಿಯದು. ಒಬ್ಬ ಹುಡುಗ, ಅವನಿಗೆ ಮೂಗು ಒರೆಸಿಕೊಳ್ಳಲೂ ಬರುವುದಿಲ್ಲ, ಆದರೂ ಐದು ಜನ ಹುಡುಗಿಯರು ಅವನಿಗಾಗಿ ಪ್ರಾಣ ಬಿಡುತ್ತಿರುತ್ತಾರೆ. ಇಂಥದ್ದನ್ನು ಹೆಣ್ಣಾಗಿ ಯಾಕೆ ಓದುತ್ತೀ ಎಂದು ಕೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಆ ಹುಡುಗನಿಗಾಗಿ ಯಾರು ಓದುತ್ತಾರೆ? ಐದು ಹುಡುಗಿಯರು ಒಂದೇ ಸೂರಿನಡಿ ಜಗಳಾಡಿ, ಒಬ್ಬರ ಜಡೆ ಒಬ್ಬರು ಹೆಣೆದು, ಒಬ್ಬರ ಗುಟ್ಟು ಒಬ್ಬರು ಮುಚ್ಚಿಡುತ್ತಾರಲ್ಲ, ಅದಕ್ಕಾಗಿ ನಾನು ಓದಿದೆ. ಮೊದಲ ಭಾಗದ ಕೊನೆಗೆ ಹುಡುಗ ಯಾರನ್ನೂ ಆರಿಸದೆ ಮನೆಗೆ ಬೀಗ ಹಾಕಿ ಊರು ಬಿಟ್ಟ. ಓದಿದವರೆಲ್ಲ ಹಿಡಿಶಾಪ ಹಾಕಿದರು. ಎಂಟು ವರ್ಷದ ಮೇಲೆ ಎರಡನೆಯ ಭಾಗ ಶುರುವಾಯಿತು. ಅದು ಕೇಳುವುದು ಒಂದೇ ಪ್ರಶ್ನೆ: ಅವನು ಆರಿಸದೆ ಬಿಟ್ಟುಹೋದ ಐವರು ಆಮೇಲೆ ಏನಾದರು? ಈ ಜಾತಿಯ ಕಥೆಗಳಿಗೆ ಇಂಥ ಪ್ರಶ್ನೆ ಕೇಳುವ ಎದೆ ಇರುವುದಿಲ್ಲ. ನಾನು ಸೋತದ್ದು ಅದಕ್ಕೇ.

ಪ್ರತಿ ಶುಕ್ರವಾರ ಒಂದು ಅಧ್ಯಾಯ ಬರುತ್ತಿತ್ತು. ಇಂಗ್ಲಿಷಿನಲ್ಲಿ ಓದಿ, ಏನಾಯಿತು, ಅದು ಯಾಕೆ ಚಂದ ಎಂದು ಕನ್ನಡದಲ್ಲಿ ಬರೆದು ಫೋನಿನ ಒಂದು ಚಾನೆಲ್ಲಿಗೆ ಹಾಕುತ್ತಿದ್ದೆ. ಚಾನೆಲ್ಲಿನ ಹೆಸರು ಕರದಂಟು, ನಮ್ಮೂರಿನ ಮಿಠಾಯಿಯ ಹೆಸರು. ನಾನೂರು ಚಿಲ್ಲರೆ ಜನ ಓದುತ್ತಿದ್ದರು, ಗೋಕಾಕ, ಹುಕ್ಕೇರಿ, ಮೂಡಲಗಿ ಕಡೆಯವರೇ ಹೆಚ್ಚು. ಅಲ್ಲಿ ಬರೆಯುವುದು ನಾನೊಬ್ಬಳೇ. ಓದಿದವರು ಏನಾದರೂ ಹೇಳಬೇಕೆಂದರೆ ನನಗೆ ಖಾಸಗಿಯಾಗಿ ಬರೆಯಬೇಕು. ಎಲ್ಲರೂ ನನ್ನನ್ನು ‘ಕರದಂಟು ಸರ್’ ಎನ್ನುತ್ತಿದ್ದರು. ನಾನು ತಿದ್ದಲಿಲ್ಲ. ಹರೆಮ್ ಕಥೆ ಹೊಗಳುವವಳು ಬಾಬಾಜಾನರ ಮಗಳು, ಕೋರ್ಟಿನ ಎದುರು ಕೂರುವವಳು ಎಂದು ಗೊತ್ತಾದರೆ ನನ್ನ ಅಬ್ಬಾ ಫೋನನ್ನು ಘಟಪ್ರಭೆಗೆ ಎಸೆಯುತ್ತಿದ್ದರು, ಬಹುಶಃ ನನ್ನ ಸಮೇತ.

ಮೊದಲ ತಪ್ಪು ಹೆಸರಿನದು. ಆ ಹುಡುಗಿಯರ ಜಪಾನಿ ಹೆಸರುಗಳು ಒಂದರ ಹಾಗೆ ಇನ್ನೊಂದು, ಓದುಗರಿಗೆ ಗೊಂದಲ. ನಮ್ಮ ಕಡೆ ಮನೆಗೆ ಬಂದ ಸೊಸೆಯನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ತವರೂರಿನಿಂದ ಕರೆಯುತ್ತಾರೆ. ಹಿಂದೂಗಳ ಮನೆಯಲ್ಲಿ ಹುಕ್ಕೇರಿಯಾಕಿ, ಮಮದಾಪುರದಾಕಿ. ನಮ್ಮ ಮನೆಯಲ್ಲಿ ನನ್ನ ಅಮ್ಮ ಜರೀನಾಬಿ ಮೂವತ್ತು ವರ್ಷದಿಂದ ಹುಕ್ಕೇರಿವಾಲಿ. ಅವಳ ನಿಜವಾದ ಹೆಸರು ನನ್ನ ಚಿಕ್ಕಪ್ಪಂದಿರಿಗೆ ನೆನಪಿದೆಯೋ ಇಲ್ಲವೋ. ನಾನೂ ಹಾಗೆಯೇ ಐವರಿಗೂ ಊರು ಹಂಚಿದೆ. ಬಾಯಿ ಜೋರಿನವಳು ಗೋಕಾಕದಾಕಿ, ಲೆಕ್ಕದವಳು ಮೂಡಲಗಿಯಾಕಿ, ಪುಸ್ತಕದ ಹುಳ ಹುಕ್ಕೇರಿಯಾಕಿ, ಗಟ್ಟಿಮುಟ್ಟಾದವಳು ಮಮದಾಪುರದಾಕಿ. ಐದನೆಯವಳ ತಂದೆ ಕಥೆಯಲ್ಲಿ ಒಂದು ಅಣೆಕಟ್ಟಿನ ಕಾವಲುಗಾರ, ಅವಳು ಹಿಡಕಲ್ದಾಕಿ. ಆ ಹುಡುಗ ಐದೂರಿಗೂ ಬೇಕಾದವನು, ಅವನಿಗೆ ‘ಅಳಿಯ’ ಎಂದು ಹೆಸರಿಟ್ಟೆ. ಓದುಗರು ಬಿದ್ದು ಬಿದ್ದು ನಕ್ಕರು.

ಎರಡನೆಯ ತಪ್ಪು ನನ್ನ ಜಂಬದ್ದು. ಮೊದಮೊದಲು ಇದು ಇಂಥ ಚಿತ್ರಕಥೆಯ ಇಂಥ ಅಧ್ಯಾಯ ಎಂದು ಮೇಲೆ ಬರೆಯುತ್ತಿದ್ದೆ. ಆಮೇಲೆ ಎಲ್ಲರಿಗೂ ಗೊತ್ತಲ್ಲ ಎಂದು ಬಿಟ್ಟೆ. ಅನ್ನದ ಉಂಡೆಯನ್ನು ರೊಟ್ಟಿ ಮಾಡಿದೆ, ದೋಣಿ ಇಂಜಿನ್ನಿನ ಅಂಗಡಿಯನ್ನು ಬರೀ ಸ್ಪೇರ್ ಪಾರ್ಟ್ಸ್ ಅಂಗಡಿ ಮಾಡಿದೆ. ನನ್ನ ಬರಹವನ್ನು ಯಾರಾದರೂ ಹೊಸಬರು ಓದಿದರೆ, ಪಕ್ಕದ ಓಣಿಯ ಸುದ್ದಿಯನ್ನು ಯಾರೋ ಕಿಟಕಿಯಿಂದ ನೋಡಿ ಬರೆದ ಹಾಗಿತ್ತು. ಅದನ್ನೇ ನಾನು ಪ್ರತಿಭೆ ಎಂದುಕೊಂಡಿದ್ದೆ.

ಆರನೆಯ ಅಧ್ಯಾಯದ ಹೊತ್ತಿಗೆ ‘ಹಿನ್ನೀರು’ ಎಂಬ ಹೆಸರಿನ ಒಬ್ಬ ಅಭಿಮಾನಿ ನನಗೆ ಬರೆಯತೊಡಗಿದರು. ಗಂಡೋ ಹೆಣ್ಣೋ ಗೊತ್ತಿಲ್ಲ, ಚಿತ್ರವಿರಲಿಲ್ಲ. ಆದರೆ ಅಂಥ ಓದುಗರು ಸಿಕ್ಕುವುದು ಪುಣ್ಯ. ಎರಡನೆಯ ಭಾಗದಲ್ಲಿ ಹಿಡಕಲ್ದಾಕಿ ಮದುವೆಯಾಗಿ, ತುಂಬಿದ ಮನೆಯಲ್ಲಿ ಸೊಸೆಯಾಗಿದ್ದಾಳೆ. ಅವಳು ಮಾತಾಡುವುದೇ ಇಲ್ಲ. ಒಂದು ಅಧ್ಯಾಯಕ್ಕೆ ಒಂದು ಮಾತು, ಕೆಲವು ಸಲ ಅದೂ ಇಲ್ಲ. ಉಳಿದ ನಾಲ್ವರು ಅವಳನ್ನು ನೋಡಲು ಬಂದು ಮುಂದೆ ಕೂತು ಜಗಳಾಡುವಾಗ, ಹಿಂದೆ ಮೂಲೆಯಲ್ಲಿ ಒಂದು ಚೀಲ ಕಾಣುತ್ತದೆ. ಮುಂದಿನ ವಾರ ಆ ಚೀಲ ಕೊಂಚ ಉಬ್ಬಿರುತ್ತದೆ. ಅದರ ಮುಂದಿನ ವಾರ ಇನ್ನಷ್ಟು. ಚಿತ್ರಕಾರ ಒಂದು ಮಾತೂ ಹೇಳುವುದಿಲ್ಲ. ಇದನ್ನು ನಾನು ಬರೆಯುವ ಮೊದಲೇ ಹಿನ್ನೀರು ಗಮನಿಸಿ ಬರೆದಿದ್ದರು: “ತುಂಬೂದನ್ನ ತೋರಸಂಗಿಲ್ಲ, ತುಂಬಿದ್ದನ್ನಷ್ಟ ತೋರಸ್ತಾನ. ಮನ್ಯಾಗ ಯಾರಿಗೂ ಕಾಣಂಗಿಲ್ಲ, ಓದಾವ್ರಿಗೆ ಅಷ್ಟ ಕಾಣತೈತಿ. ನನಗ ಇದನ್ನ ಓದಿದ್ರ ಉಸರ ಆಡಿದಂಗ ಆಗತೈತಿ.”

ನನಗೆ ಆ ಸಾಲು ಅಷ್ಟು ಹಿಡಿಸಿತೆಂದರೆ ಮುಂದಿನ ಶುಕ್ರವಾರ ಪೂರ್ತಿ ಬರಹ ಹಿಡಕಲ್ದಾಕಿಯ ಚೀಲದ ಮೇಲೆಯೇ ಬರೆದೆ. ಉಮೇದಿನಲ್ಲಿ ‘ಆ ನೀಲಿ ಚೀಲ’ ಎಂದು ಬರೆದುಬಿಟ್ಟೆ. ಮಾಂಗಾ ಇರುವುದು ಕಪ್ಪು ಬಿಳುಪಿನಲ್ಲಿ, ನೀಲಿ ಎಲ್ಲಿಂದ ಬರಬೇಕು? ಅಮ್ಮ ಹುಕ್ಕೇರಿಯಿಂದ ಬರುವಾಗ ತಂದ ಚೀಲ ನೀಲಿ, ಅದು ಇನ್ನೂ ನಮ್ಮ ಅಟ್ಟದ ಮೇಲಿದೆ, ಅದೇ ಕಣ್ಣ ಮುಂದೆ ಬಂದಿರಬೇಕು. ಆಮೇಲೆ ಪ್ರತಿ ವಾರ ನೀಲಿ ಚೀಲ ಎಂದೇ ಬರೆದೆ.

ಹನ್ನೊಂದನೆಯ ಅಧ್ಯಾಯವಾದ ಮೇಲೆ ಹಿನ್ನೀರು ಒಂಬತ್ತು ದಿನ ಸುಮ್ಮನಾದರು. ಹತ್ತನೆಯ ದಿನ ಬಂದ ಸಂದೇಶದಲ್ಲಿ ಹೊಗಳಿಕೆ ಇರಲಿಲ್ಲ. ಹಿಡಕಲ್ದಾಕಿ ಯಾವಾಗ ಹೋಗುತ್ತಾಳೆ ಎಂದಷ್ಟೇ ಕೇಳಿದ್ದರು. ಬೇಗನೆ ಎಂದು ಬರೆದೆ. ಯಾರ ಜೊತೆ ಎಂದು ಕೇಳಿದರು. ನೋಡೋಣ ಎಂದೆ. ಚೀಲ ಎಲ್ಲಿಟ್ಟಿದ್ದಾಳೆ ಎಂದು ಕೇಳಿದರು. ಆಮೇಲೆ ನೀವು ಎಲ್ಲಿರುತ್ತೀರಿ ಸರ್, ಒಮ್ಮೆ ಭೇಟಿಯಾಗಬೇಕು ಎಂದರು.

ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ರುಚಿ ಹಿಡಿದು ಉಣ್ಣುವವನು ಇದ್ದಕ್ಕಿದ್ದ ಹಾಗೆ ಎಷ್ಟು ಕಿಲೋ ಎಂದು ಕೇಳತೊಡಗಿದರೆ ಯಾರಿಗಾದರೂ ಅನುಮಾನ ಬರಬೇಕು. ನನಗೆ ಬರಲಿಲ್ಲ, ಖುಷಿಯಾಯಿತು. ಭೇಟಿ ಆಗುವುದಿಲ್ಲ, ಗೋಕಾಕದ ಕೋರ್ಟಿನ ಬಾಜೂಕ್ಕೇ ನನ್ನ ಕೆಲಸ ಎಂದು ಬರೆದೆ. ಹೆಸರು ಹೇಳದೆ ಜಾಣೆಯಾದೆ ಎಂದುಕೊಂಡೆ.

ಮುಂದಿನ ಬುಧವಾರ ಹನ್ನೊಂದು ಗಂಟೆಗೆ ಅಂಗಡಿಗೆ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಬಂದರು. ಗಂಡಸಿಗೆ ಮೂವತ್ತೈದರ ಸುಮಾರು, ಇಸ್ತ್ರಿ ಅಂಗಿ, ಬಾಯಲ್ಲಿ ಎಲೆ ಅಡಿಕೆ ಇಲ್ಲ, ಸಾರಾಯಿ ವಾಸನೆ ಇಲ್ಲ. ಮಾತಿಗೊಂದು ‘ರಿ’. ಹೆಂಗಸು ಅವನ ಹಿಂದೆ ಗೋಡೆಗೆ ಅಂಟಿ ನಿಂತಳು. ಎಡಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ನಾನು ನೋಡಿದ್ದನ್ನು ನೋಡಿ ಅವನು, ಬಾಗಿಲಲ್ಲಿ ಸಿಕ್ಕಿತು ಎಂದ.

ಹೆಂಡತಿಯಿಂದ ಒಂದು ಮುಚ್ಚಳಿಕೆ ಬರೆಸಬೇಕು ಎಂದ. ಮುಚ್ಚಳಿಕೆ ಎಂದರೆ ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಬರೆದುಕೊಡುವ ಕಾಗದ. ಕದ್ದು ತನ್ನ ಕಬ್ಬಿಗೆ ನೀರು ತಿರುಗಿಸಿದವನಿಂದ ಬರೆಸುತ್ತಾರೆ, ಹೆಂಡತಿಯಿಂದ ಬರೆಸುವವರೂ ಇದ್ದಾರೆ. ಇಂಥದ್ದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದು ಶಿದ್ಲಿಂಗಪ್ಪನವರು ಹೇಳಿದರು. ಬೆಲೆ ಮನೆಯೊಳಗೆ ಇದ್ದರೆ ಸಾಕು ಎಂದು ಅವನು ನಕ್ಕ. ನಾನು ಶುರುಮಾಡಿದೆ. ಬರೆದುಕೊಡುವವರು ಅನ್ನಪೂರ್ಣಾ, ಗಂಡನ ಹೆಸರು ಬಾಳೇಶ, ವಯಸ್ಸು ಇಪ್ಪತ್ತೊಂಬತ್ತು, ಉದ್ಯೋಗ ಮನೆಗೆಲಸ, ಸಾಕಿನ್ ಮೂಡಲಗಿ. ಅವನ ಉದ್ಯೋಗ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ. ತವರೂರು ಯಾವುದು ಎಂದು ಶಿದ್ಲಿಂಗಪ್ಪನವರು ಕೇಳಿದರು. ಹಿಡಕಲ್ ಎಂದ. ನನಗೆ ಆಗಲೂ ಹೊಳೆಯಲಿಲ್ಲ, ಹಿಡಕಲ್ಲಿನ ಹೆಣ್ಣುಮಕ್ಕಳು ಎಷ್ಟು ಊರಿಗೆ ಹೋಗಿಲ್ಲ.

ಅಪರಾಧವೇನು ಎಂದು ಕೇಳಿದಾಗ ಬಾಳೇಶ ಜೇಬಿನಿಂದ ಒಂದು ಹೆಣ್ಣುಮಕ್ಕಳ ಫೋನು ತೆಗೆದ, ಅಂಚಿಗೆ ಹರಳು ಅಂಟಿಸಿದ್ದು. ಮನೆಯಲ್ಲಿ ಮೂವರು ಸೊಸೆಯಂದಿರು, ಮೂರನೆಯವಳು ಇವಳು ಎಂದ. ಇವಳ ವಿಷಯವನ್ನು ಒಬ್ಬ ಗಂಡಸು ವಾರವಾರ ಊರಿಗೆಲ್ಲ ಬರೆಯುತ್ತಿದ್ದಾನೆ, ಅವನು ಇಲ್ಲೇ ಕೋರ್ಟಿನ ಬಾಜೂಕ್ಕೆ ಇದ್ದಾನಂತೆ, ಕರದಂಟು ಯಾರು ಎಂದು ಬೆಳಿಗ್ಗೆಯಿಂದ ಕೇಳಿದೆ, ಎಲ್ಲರೂ ಮಿಠಾಯಿ ಅಂಗಡಿ ತೋರಿಸುತ್ತಾರೆ ಎಂದ. ಶಿದ್ಲಿಂಗಪ್ಪನವರು ನಕ್ಕರು. ಅವನು ನಗಲಿಲ್ಲ. ಫೋನು ಕಣ್ಣಿಗೆ ಹಿಡಿದು, ಸಾಲಿಯ ಹುಡುಗ ಪಾಠ ಓದುವ ಹಾಗೆ ಒಂದೊಂದೇ ಪದ ಓದಿದ.

“ಹಿಡಕಲ್ದಾಕಿ ಈ ವಾರ ಯಾರ ಜೊತೆಯೂ ಮಾತಾಡಲಿಲ್ಲ. ರೊಟ್ಟಿ ಬಡಿಯುವಾಗ ಅವಳ ಕಣ್ಣು ಬಾಗಿಲ ಮೇಲಿತ್ತು. ಗಂಡ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದ ಮೇಲೆ ನೀಲಿ ಚೀಲಕ್ಕೆ ಇನ್ನೊಂದು ಸೀರೆ ಬಂತು.”

ನನ್ನ ಕೈ ಕೀಲಿಮಣೆಯ ಮೇಲೆಯೇ ನಿಂತಿತು. ಅದು ನನ್ನ ಸಾಲು. ಎರಡು ಸಲ ತಿದ್ದಿ ಬರೆದ, ನನಗೇ ಬಹಳ ಇಷ್ಟವಾದ ಸಾಲು. ಮನೆಯಲ್ಲಿದ್ದ ನೀಲಿ ಚೀಲಗಳನ್ನೆಲ್ಲ ಕೊಯ್ದು ನೋಡಿದೆ, ಏನೂ ಸಿಗಲಿಲ್ಲ, ಅವಳೂ ಬಾಯಿ ಬಿಡಲಿಲ್ಲ ಎಂದು ಅವನು ಶಿದ್ಲಿಂಗಪ್ಪನವರಿಗೆ ಹೇಳುತ್ತಿದ್ದ. ಅದಕ್ಕೆ ಹದಿನೈದು ದಿನದಿಂದ ಹೊರಗಿನಿಂದ ಚಿಲಕ ಹಾಕುತ್ತಿದ್ದೇನೆ, ಮುಚ್ಚಳಿಕೆಯಲ್ಲಿ ಅದಕ್ಕೂ ಒಪ್ಪಿಗೆ ಬರೆಯಿರಿ ಎಂದ. ಈ ಮಾತನ್ನೂ ಮೆತ್ತಗೆ, ‘ರಿ’ ಹಚ್ಚಿಯೇ ಹೇಳಿದ. ನನಗೆ ಆ ಬೆರಳು ಯಾವ ಬಾಗಿಲಲ್ಲಿ ಹೇಗೆ ಸಿಕ್ಕಿತು ಎಂದು ತಿಳಿಯಿತು.

ಭಯ, ಸಿಟ್ಟು ಎರಡೂ ಒಟ್ಟಿಗೆ ಬಂದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಅಬ್ಬಾನ ನೆನಪೂ ಆಗಲಿಲ್ಲ.

“ಅದನ್ನ ಬರದಾಕಿ ನಾನರಿ,” ಎಂದೆ. “ಅದು ನಿಮ್ಮ ಹೆಂಡ್ತಿ ಸುದ್ದಿ ಅಲ್ಲ. ಜಪಾನ್‌ದ ಒಂದು ಚಿತ್ರದ ಕಥಿ.”

ಅವನು ನಂಬಲಿಲ್ಲ. ಶಿದ್ಲಿಂಗಪ್ಪನವರೂ ಕನ್ನಡಕದ ಮೇಲಿಂದ ನೋಡಿದರು. ನಾನು ಕಂಪ್ಯೂಟರಿನ ಪರದೆ ಅವನ ಕಡೆ ತಿರುಗಿಸಿ ‘ಐದು ಬಾಗಿಲಿನ ಮನೆ’ ತೆಗೆದೆ. ಒಂದೊಂದೇ ಪುಟ ತೋರಿಸಿದೆ. ಇದು ಅಣೆಕಟ್ಟು, ಇದು ಅಂಗಡಿ, ಇದು ಚೀಲ, ಇದು ರೊಟ್ಟಿಯಲ್ಲ, ಅನ್ನದ ಉಂಡೆ. ಅವನು ಕುರ್ಚಿ ಎಳೆದು ಕೂತು ಒಂದು ತಾಸು ಎಲ್ಲವನ್ನೂ ನೋಡಿದ. ದೊಡ್ಡ ಕಣ್ಣಿನ ಆ ಹುಡುಗಿಯರನ್ನು ನೋಡಿ ಕೊನೆಗೆ ನಕ್ಕ. ಶಿದ್ಲಿಂಗಪ್ಪನವರೂ ನಕ್ಕು ಚಹಾ ತರಿಸಿದರು. ಅರ್ಧ ಟೈಪಾದ ಮುಚ್ಚಳಿಕೆಯನ್ನು ಅಳಿಸಿಬಿಡಿ ಎಂದು ಬಾಳೇಶನೇ ಹೇಳಿದ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಸತ್ಯ ಹೇಳಿದರೆ ಹೀಗೆ ಹಗುರಾಗುತ್ತದೆ ಎಂದುಕೊಂಡೆ.

ಆಗ ಅವನು, ಮುಂದೇನಾಗುತ್ತದೆ ಎಂದು ಕೇಳಿದ.

ನಾನು ಅಭಿಮಾನಿ. ಅಭಿಮಾನಿಯನ್ನು ಮುಂದೇನು ಎಂದು ಕೇಳಿದರೆ ಹಸಿದವನಿಗೆ ತಾಟು ತೋರಿಸಿದ ಹಾಗೆ. ಶುಕ್ರವಾರ ಹೊಸ ಅಧ್ಯಾಯ ಬರುತ್ತದೆ, ಅದರಲ್ಲಿ ಹಿಡಕಲ್ದಾಕಿ ಮನೆ ಬಿಟ್ಟೇ ಬಿಡುತ್ತಾಳೆ, ಮನೆಯವರೆಲ್ಲ ಉಣ್ಣಲು ಕೂತಾಗ ಎದ್ದು ಹೋಗುತ್ತಾಳೆ ಎಂದು ಎಲ್ಲ ಸೂಚನೆಗಳೂ ಇವೆ ಎಂದೆ. ಅಳಿಯನ ಜೋಡಿಯೇನು ಎಂದು ಕೇಳಿದ. ಇಲ್ಲ, ಅದೇ ಈ ಎರಡನೆಯ ಭಾಗದ ದೊಡ್ಡಸ್ತಿಕೆ, ಅವಳು ಯಾರಿಗಾಗಿಯೂ ಹೋಗುವುದಿಲ್ಲ, ಒಬ್ಬಳೇ ಹೋಗುತ್ತಾಳೆ ಎಂದು ನಾನು ಕಣ್ಣರಳಿಸಿ ಹೇಳಿದೆ.

ಬಾಳೇಶ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ. “ಕೇಳಿದೇನ? ಒಬ್ಬಾಕೀನ ಹೋಗತಾಳಂತ.”

ಅನ್ನಪೂರ್ಣಾಳ ಮುಖದಲ್ಲಿ ರಕ್ತ ಇರಲಿಲ್ಲ. ಆಗ ನನಗೆ ಎರಡು ಸಂಗತಿ ಒಟ್ಟಿಗೆ ತಿಳಿದವು. ಕೋರ್ಟಿನ ಬಾಜೂಕ್ಕೆ ಎಂದು ನಾನು ಬರೆದದ್ದು ಒಬ್ಬರಿಗೇ, ಹರಳಿನ ಆ ಫೋನೇ ಹಿನ್ನೀರು. ಮೊದಲು ಬರೆದವಳು ಇವಳು, ಒಂಬತ್ತು ದಿನದ ಮೇಲೆ ಬರೆದವನು ಇವನು. ಮತ್ತು ನನ್ನ ಕಥೆ ಕಥೆಯಾದರೂ, ಇವಳದು ಕಥೆಯಲ್ಲ.

ಅವನು ಎದ್ದು ನಿಂತು, ನಿಮ್ಮದು ಯಾವೂರು ಎಂದು ನನ್ನನ್ನು ಕೇಳಿದ. ಇದೇ ಊರು ಎಂದೆ. “ಅಂದ್ರ ನೀವು ಗೋಕಾಕದಾಕಿ,” ಎಂದು ನಗುತ್ತ ಗಾಡಿ ತರಲು ರಸ್ತೆ ದಾಟಿದ. ಶಿದ್ಲಿಂಗಪ್ಪನವರು ಚಹಾದ ಲೋಟ ಕೊಡಲು ಹೊರಗೆ ಹೋಗಿದ್ದರು. ಅನ್ನಪೂರ್ಣಾ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಕ್ಷಮೆ ಕೇಳಬೇಕೆಂದು ನಾನು ಬಾಯಿ ತೆಗೆದೆ. ಅವಳು ಕೈ ಅಡ್ಡ ಹಿಡಿದಳು, ಹೊತ್ತಿರಲಿಲ್ಲ.

“ಆಕಿ ತುಂಬಿದಂಗ ನಾನೂ ತುಂಬಿದೆ, ಅಕ್ಕಾರ. ನನ್ನ ಚೀಲ ನೀಲಿ ಅಲ್ಲ, ಕೆಂಪ. ನೀವು ನೀಲಿ ಅಂತ ಬರದದ್ದ ಚಲೋ ಆತು, ಅವರು ಇನ್ನೂ ನೀಲೀನ ಹುಡಕಾಕತ್ತಾರ. ಎಲ್ಲಿ ಐತಿ ಅಂತ ಮಾತ್ರ ಹೇಳಂಗಿಲ್ಲ. ನೀವು ಬರದ ಬಿಡತೀರಿ.”

ರಸ್ತೆಯಲ್ಲಿ ಹಾರ್ನ್ ಆಯಿತು. ಅವಳು ಹೋಗಿ ಗಾಡಿಯ ಹಿಂದೆ ಕೂತಳು, ಬಟ್ಟೆ ಸುತ್ತಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು.

ಎರಡು ದಿನ ನನಗೆ ಅನ್ನ ಸೇರಲಿಲ್ಲ. ಪೊಲೀಸರಿಗೆ ಹೇಳಲೇ ಎಂದು ಶಿದ್ಲಿಂಗಪ್ಪನವರನ್ನು ಕೇಳಿದೆ. ಅವಳೇ ಬಂದು ಬಾಯಿ ಬಿಡದಿದ್ದರೆ ಏನೆಂದು ಬರೆದುಕೊಳ್ಳುತ್ತಾರೆ, ಆಮೇಲೆ ಅವಳ ಉಳಿದ ಬೆರಳುಗಳ ಗತಿಯೇನು ಎಂದರು. ಅವರು ಕೆಟ್ಟವರಲ್ಲ, ಮೂವತ್ತು ವರ್ಷ ಕೋರ್ಟಿನ ಎದುರು ಕೂತು ಕಂಡವರು. ಅವಳು ಹೊರಗೆ ಬರಬೇಕಾದರೆ ಆ ಚಿಲಕ ತೆಗೆಯಬೇಕು, ಚಿಲಕ ತೆಗೆಯುವವನು ಅವನೇ. ಅವನು ಓದುವುದು ನನ್ನನ್ನು.

ಶುಕ್ರವಾರ ಅಧ್ಯಾಯ ಬಂತು. ನಾನು ಹೇಳಿದ ಹಾಗೆಯೇ ಇತ್ತು, ಹೇಳಿದ್ದಕ್ಕಿಂತ ಚಂದವಿತ್ತು. ಮನೆಯವರೆಲ್ಲ ಉಣ್ಣುತ್ತಿದ್ದಾರೆ, ಅವಳ ಬಟ್ಟಲಿನಿಂದ ಹಬೆ ಏಳುತ್ತಿದೆ, ಅವಳಿಲ್ಲ. ಕೊನೆಯ ಪುಟದಲ್ಲಿ ಬಸ್ಸಿನ ಕಿಟಕಿಯಲ್ಲಿ ಅವಳ ಮುಖ. ಎರಡನೆಯ ಭಾಗ ಶುರುವಾದ ಮೇಲೆ ಮೊದಲ ಸಲ ನಕ್ಕಿದ್ದಳು. ನಾನು ಅಂಗಡಿಯಲ್ಲಿ ಕೂತು ಅತ್ತೆ. ಇಷ್ಟು ಒಳ್ಳೆಯ ಪುಟವನ್ನು ಹೊಗಳುವ ಭಾಗ್ಯ ಯಾವ ಅಭಿಮಾನಿಗೆ ಸಿಗುತ್ತದೆ?

ನಾನು ಅದನ್ನು ಹೊಗಳಲಿಲ್ಲ. ಸುಳ್ಳು ಬರೆದೆ. ಹಿಡಕಲ್ದಾಕಿ ಮನಸ್ಸು ಬದಲಿಸಿದಳು ಎಂದು ಬರೆದೆ. ಅವಳು ನೀಲಿ ಚೀಲವನ್ನು ಅಂಗಳಕ್ಕೆ ತಂದು ಎಲ್ಲರೆದುರು ಖಾಲಿ ಮಾಡಿದಳು, ಸೀರೆಗಳನ್ನು ಒಂದೊಂದಾಗಿ ಕಪಾಟಿಗೆ ಮರಳಿ ಇಟ್ಟಳು, ಗಂಡನಿಗೆ ಊಟಕ್ಕೆ ಬಡಿಸಿದಳು, ಎಂಥ ಚಂದದ ಮುಕ್ತಾಯ, ಇನ್ನು ಇವಳ ಕಥೆ ಮುಗಿಯಿತು ಎಂದು ಬರೆದೆ. ನೀಲಿ ಎಂಬ ಮಾತನ್ನು ಏಳು ಸಲ ಹಾಕಿದೆ. ಗೆದ್ದ ಗಂಡಸು ಸುಮ್ಮನಿರುವವನಲ್ಲ, ಹೆಂಡತಿಗೆ ಓದಿ ಹೇಳಿಯೇ ಹೇಳುತ್ತಾನೆ. ನೀಲಿ ಚೀಲ ಖಾಲಿಯಾಯಿತು ಎಂದು ಕೇಳಿದವಳಿಗೆ, ಕೆಂಪು ಚೀಲ ತುಂಬಿಯೇ ಇದೆ ಎಂದು ನೆನಪಾದರೆ ಸಾಕಿತ್ತು.

ಓದುಗರು ನನ್ನನ್ನು ಹುರಿದು ಮುಕ್ಕಿದರು. ಹುಕ್ಕೇರಿಯ ತೌಫೀಕ ಎಂಬುವನು ಮೊದಲಿನಿಂದಲೂ ನನ್ನ ಬೆನ್ನು ತಟ್ಟಿದವನು; ಕರದಂಟು ಸರ್, ಪುಟ ತೆಗೆದು ನೋಡಿದ್ದೀರೋ, ಕಣ್ಣು ಮುಚ್ಚಿ ಬರೆದಿರೋ ಎಂದು ಬರೆದು ಚಾನೆಲ್ ಬಿಟ್ಟುಹೋದ. ಒಂದು ವಾರದಲ್ಲಿ ನೂರಕ್ಕೂ ಹೆಚ್ಚು ಜನ ಹೋದರು. ಯಾರಿಗೂ ಉತ್ತರ ಕೊಡಲಿಲ್ಲ. ಶುಕ್ರವಾರ ಸಂಜೆಯೇ ಹಿನ್ನೀರಿನಿಂದ ಸಂದೇಶ ಬಂದಿತ್ತು. “ಚಲೋ ಆತ್ರಿ. ಆಕಿಗೂ ಓದಿ ಹೇಳಿದೆ. ನಕ್ಕಳು.”

ಆ ಕೊನೆಯ ಪದವನ್ನು ನಾನು ಎಷ್ಟು ಸಲ ಓದಿದೆನೋ. ನಕ್ಕಳು. ಅರ್ಥವಾಗಿ ನಕ್ಕಳೋ, ಎಲ್ಲ ಮುಗಿಯಿತು ಎಂದು ನಕ್ಕಳೋ ಹೇಳುವವರು ಯಾರು. ಆಮೇಲೆ ಆ ಫೋನಿನಿಂದ ಏನೂ ಬರಲಿಲ್ಲ. ದಿನಾ ಬೆಳಿಗ್ಗೆ ಪತ್ರಿಕೆಯಲ್ಲಿ ಕೆರೆ, ಕಾಲುವೆ, ಬಾವಿಯಲ್ಲಿ ಹೆಂಗಸಿನ ಹೆಣ ಎಂಬ ಸುದ್ದಿಗಳನ್ನು ಮೊದಲು ನೋಡುತ್ತಿದ್ದೆ. ಅಮ್ಮ, ನಿನಗೆ ಯಾವ ಸೈತಾನ ಬಡಿದಿದೆ ಎಂದು ಕೇಳಿದಳು.

ಮೂರು ವಾರದ ಮೇಲೆ, ಮಂಗಳವಾರ, ಬಾಳೇಶ ಒಬ್ಬನೇ ಬಂದ. ಅದೇ ಇಸ್ತ್ರಿ ಅಂಗಿ. ಹೆಂಡತಿ ಕಾಣೆಯಾಗಿದ್ದಾಳೆ, ಪೊಲೀಸರಿಗೆ ಕೊಡಲು ಒಂದು ಫಿರ್ಯಾದಿ ಟೈಪ್ ಮಾಡಿಕೊಡಿ ಎಂದ. ಟೈಪ್ ಮಾಡುವವರು ಮೂಡಲಗಿಯಲ್ಲೂ ಇದ್ದಾರೆ. ಅದನ್ನು ಶಿದ್ಲಿಂಗಪ್ಪನವರೂ ಯೋಚಿಸಿದರೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೂ ಅವರು ನನಗೆ ಬರೆ ಎಂದು ಕಣ್ಣಲ್ಲೇ ಹೇಳಿ ಪಕ್ಕದಲ್ಲಿ ಬಂದು ಕೂತರು.

ಹೆಸರು ಅನ್ನಪೂರ್ಣಾ, ಗಂಡ ಬಾಳೇಶ, ವಯಸ್ಸು ಇಪ್ಪತ್ತೊಂಬತ್ತು. ಎತ್ತರ ಐದಡಿ ಎರಡಂಗುಲ, ಗೋಧಿ ಮೈಬಣ್ಣ. ಎಡಗೈಯ ಎರಡು ಬೆರಳಿಗೆ ಹಳೆ ಗಾಯ. ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ಉಣ್ಣುವಾಗ ಹೋಗಿದ್ದಾಳೆ. ಉಟ್ಟ ಸೀರೆ ಹಸಿರು. ಅವನು ಒಂದೂ ತಡವರಿಸದೆ ಹೇಳುತ್ತಿದ್ದ. ಹೆಂಡತಿ ನಿಜವಾಗಿ ಹೋದರೂ ಗಂಡ ಫಿರ್ಯಾದಿ ಕೊಡುತ್ತಾನೆ. ಅವಳನ್ನು ಏನಾದರೂ ಮಾಡಿದ್ದರೂ ಕೊಡುತ್ತಾನೆ, ಇನ್ನೂ ಬೇಗ ಕೊಡುತ್ತಾನೆ. ಇದೆರಡರಲ್ಲಿ ಯಾವುದೆಂದು ಅವನ ಮುಖದಲ್ಲಿ ಬರೆದಿರಲಿಲ್ಲ.

ಕೇಳಲು ಒಂದೇ ಪ್ರಶ್ನೆ ಉಳಿದಿತ್ತು. ಅವನು ಕೆಂಪು ಎಂದರೆ ಆ ಚೀಲ ಅವನ ಕೈಗೆ ಸಿಕ್ಕಿದೆ. ಚೀಲ ಸಿಕ್ಕಿದ್ದರೆ ಅವಳೂ ಸಿಕ್ಕಿದ್ದಾಳೆ, ಈ ಕಾಗದ ಮಣ್ಣು ಮುಚ್ಚುವ ಕಾಗದ. ನೀಲಿ ಎಂದರೆ ಅವನು ಚೀಲವನ್ನು ಕಂಡೇ ಇಲ್ಲ. ಪರದೆ ನೋಡುತ್ತಲೇ ಕೇಳಿದೆ.

“ಜೋಡಿ ಏನರ ಒಯ್ದಾರೇನ್ರಿ?”

“ಒಂದು ಚೀಲ.”

“ಬಣ್ಣ?”

ಹೊರಗೆ ಕೋರ್ಟಿನ ಜವಾನ ಯಾರದೋ ಹೆಸರನ್ನು ಮೂರು ಸಲ ಕೂಗಿದ.

“ನಿಮಗ ಗೊತ್ತೈತೆಲ್ರಿ,” ಎಂದ. “ನೀಲಿ.”

ನಾನು ಟೈಪ್ ಮಾಡಿದೆ. ಎರಡಕ್ಷರ. ಅವಳು ಹೋಗಿದ್ದಳು, ಕೆಂಪು ಚೀಲ ಹಿಡಿದು, ಹಗಲು ಹೊತ್ತಿನಲ್ಲಿ, ಎಲ್ಲರೂ ಉಣ್ಣುವಾಗ ಬಸ್ಸು ಹತ್ತಿ ಹೋಗಿದ್ದಳು. ಇಡೀ ಜಿಲ್ಲೆಯ ಪೊಲೀಸರು ಇನ್ನು ನೀಲಿ ಚೀಲದ ಹೆಂಗಸನ್ನು ಹುಡುಕುತ್ತಾರೆ. ನನಗೆ ಎದ್ದು ಕುಣಿಯಬೇಕು ಅನಿಸಿತು. ತುಟಿ ಕಚ್ಚಿ ಹಿಡಿದು ಪ್ರಿಂಟು ತೆಗೆದೆ.

ಬಾಳೇಶ ಕಾಗದವನ್ನು ಪೂರ್ತಿ ಓದಿ, ಸಹಿ ಮಾಡಿ, ನಾಲ್ಕಾಗಿ ಮಡಚಿ ಜೇಬಿಗೆ ಇಟ್ಟುಕೊಂಡ. ಆಮೇಲೆ ಹರಳಿನ ಫೋನು ತೆಗೆದು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿ ಇಟ್ಟ. ಪರದೆಯ ಮೇಲೆ ‘ಐದು ಬಾಗಿಲಿನ ಮನೆ’ಯ ಆ ಪುಟವಿತ್ತು, ಬಸ್ಸಿನ ಕಿಟಕಿ, ನಗುವ ಮುಖ.

“ನಾನೂ ಈಗ ಓದಾಕ ಕಲ್ತೇನ್ರಿ,” ಎಂದ. ದನಿ ಅಷ್ಟೇ ಮೆತ್ತಗಿತ್ತು. “ಹಿಡಕಲ್ದಾಕಿದು ಗೊತ್ತಾತು. ಗೋಕಾಕದಾಕಿ ಕಥಿ ಮುಂದ ಏನ್ ಆಗತೈತ್ರಿ?”

ಶಿದ್ಲಿಂಗಪ್ಪನವರು ಎದ್ದು ನಿಂತರು. ಅವನು ಯಾರನ್ನೂ ಮುಟ್ಟಲಿಲ್ಲ, ದನಿ ಏರಿಸಲಿಲ್ಲ. ನಾನು ಬಾಯಿ ಜೋರಿನವಳು, ಫೋನನ್ನು ಅವನ ಕಡೆಗೇ ತಿರುಗಿಸಿ ಇಟ್ಟೆ.

“ಅದನ್ನ ಇನ್ನೂ ಯಾರೂ ಬರದಿಲ್ರಿ,” ಎಂದೆ.

ಅವನು ತಲೆಯಾಡಿಸಿ ರಸ್ತೆ ದಾಟಿದ. ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ, ನಮ್ಮ ಬಾಗಿಲು ಕಾಣುವ ಹಾಗೆ ಕೂತ. ಸಂಜೆ ಐದಕ್ಕೂ ಅಲ್ಲೇ ಇದ್ದ. ಶಿದ್ಲಿಂಗಪ್ಪನವರು ನನ್ನನ್ನು ಹಿಂದಿನ ಬಾಗಿಲಿನಿಂದ ಕಳಿಸಿದರು. ಮನೆಗೆ ಹೋಗುವ ದಾರಿಯಲ್ಲಿ ಬಜಾರಿನಲ್ಲಿ ನಿಂತು ಒಂದು ಚೀಲ ಕೊಂಡೆ. ಅಂಗಡಿಯವನು ಯಾವ ಬಣ್ಣದ್ದು ಕೊಡಲಿ ಎಂದು ಕೇಳಿದ. ನೀಲಿ ಬಿಟ್ಟು ಯಾವುದಾದರೂ ಕೊಡು ಎಂದೆ.